ಉಳಿದುಹೋದ ಜಾಹೀರಾತುಗಳು

ನಮ್ಮ ಮನೆಯ ಹಳೆಯ ವಿ.ಸಿ.ಆರ್. ಕೊನೆಯ ಸಲ ಕೆಲಸ ಮಾಡಿದ ದಿನದಲ್ಲಿ ಯಾವ ವಿಶೇಷವೂ ಇರಲಿಲ್ಲ. ನಾವಿರುವ ಡೊಂಬಿವಲಿಯಲ್ಲಿ ಎಂದಿನಂತೆ ನಲ್ಲಿ ನೀರು ಬಂದು ಹೋಗಿತ್ತು. ನಾನು ಬೇಗ ಊಟ ಮುಗಿಸಿ ರೈಲಿನಲ್ಲಿ ಠಾಣೆ ಶಹರಕ್ಕೆ ಹೊರಟಿದ್ದೆ. ಅಲ್ಲಿಯ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವುದು ನನ್ನ ಕೆಲಸ. ಚಪ್ಪಲಿ ಮೆಟ್ಟುವಾಗ ನನ್ನ ಹೆಂಡತಿ ಸುಮತಿ ಒಳಗಿನಿಂದಲೇ ಕೇಳಿದಳು: "ಇವತ್ತಿಂದು ಹಿಡಿದಿಡ್ಬೇಕಾ?"

"ಬೇಡ ಅಂದ್ರೆ ಬಿಡ್ತೀಯಾ?"

"ನಂಗೆಂತ, ನಾನು ನೋಡಿಯೇ ಆಗಿರ್ತದೆ. ನಿಮ್ಮ ಹೊಟ್ಟೆ ಉರಿಯುದು."

ದಿನವೂ ಇದೇ ಮಾತು. ನಾನು ನಕ್ಕು ಮೆಟ್ಟಿಲಿಳಿದೆ. ಅದು ಆ ಯಂತ್ರದ ಕೊನೆಯ ಸಂಜೆ ಎಂದು ನಮ್ಮಿಬ್ಬರಿಗೂ ತೋಚಿರಲಿಲ್ಲ.

ಇದೆಲ್ಲ ಈಗ ನೆನಪಾಗುವುದಕ್ಕೆ ಕಾರಣ ನನ್ನ ಅಂಗಿಯ ಜೇಬಿನಲ್ಲಿರುವ ಒಂದು ಪೆನ್ ಡ್ರೈವ್. ಕಿರುಬೆರಳಿನಷ್ಟೂ ಇಲ್ಲ. ಅದರೊಳಗೆ ಏನಿದೆ ಎಂದು ಹೇಳುವ ಮೊದಲು ನಮ್ಮ ಮನೆಯ ಒಂದು ರೂಢಿಯನ್ನು ಹೇಳಬೇಕು. ಸ್ವಲ್ಪ ನಗೆಯ ರೂಢಿ ಅದು. ನೀವೂ ನಗಬಹುದು.

ರಾತ್ರಿ ಊಟದ ಹೊತ್ತು ಟಿ.ವಿ.ಯಲ್ಲಿ ಒಂದು ಕನ್ನಡ ಧಾರಾವಾಹಿ ಬರುತ್ತಿತ್ತು. ಅದೇ ಹೊತ್ತಿಗೆ ಹೋಟೆಲಿನಲ್ಲಿ ಗಿರಾಕಿಗಳ ನೂಕುನುಗ್ಗಲು. ಹಾಗಾಗಿ ಸುಮತಿ ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಡುತ್ತಿದ್ದಳು. ನಾನು ಮರುದಿನ ಬೆಳಿಗ್ಗೆ ಚಹಾದ ಜೊತೆ ನೋಡುತ್ತಿದ್ದೆ. "ಹೆಂಡತಿಯ ಸಮಾಧಾನಕ್ಕೆ ನೋಡುವುದು" ಎಂದು ಹೋಟೆಲಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಯಾರೂ ನಂಬುತ್ತಿರಲಿಲ್ಲ. ಧಾರಾವಾಹಿಯ ಅತ್ತೆಯ ಪರ ವಹಿಸಿ ದೋಸೆ ಭಟ್ಟರೊಡನೆ ಒಮ್ಮೆ ಮಾತು ಬಿಡುವಷ್ಟು ಜಗಳವಾಡಿದವನು ನಾನು.

ಊರೆಲ್ಲ ಸಿ.ಡಿ.ಗೆ ತಿರುಗಿದ ಮೇಲೂ ನಮ್ಮದು ಅದೇ ವಿ.ಸಿ.ಆರ್. ಅದರ ರಿಮೋಟ್ ಯಾವಾಗಲೋ ಸತ್ತಿತ್ತು. ಸುಮತಿಗೆ ಜಾಹೀರಾತು ಹಿಡಿಯುವುದು ಇಷ್ಟವಿಲ್ಲ. "ಅನ್ನಕ್ಕೆ ಕಲ್ಲು ಸೇರಿಸಿ ಬಡಿಸಿದ ಹಾಗೆ" ಅನ್ನುತ್ತಿದ್ದಳು. ಅದಕ್ಕಾಗಿ ಒಂದು ಮಣೆ ಎಳೆದುಕೊಂಡು, ಯಂತ್ರದ ಎದುರು ಕೂತು, ಬ್ರೇಕ್ ಬಂದ ಕೂಡಲೇ ಗುಂಡಿ ಒತ್ತಿ ನಿಲ್ಲಿಸುವುದು. ಕಥೆ ಶುರುವಾದ ಕೂಡಲೇ ಬಿಡುವುದು. ಆದರೆ ಮನೆ ಎಂದ ಮೇಲೆ ಹಾಲು ಉಕ್ಕುತ್ತದೆ, ಕುಕ್ಕರ್ ಕೂಗುತ್ತದೆ, ಬಾಗಿಲು ಬಡಿಯುತ್ತಾರೆ. ಎದ್ದು ಹೋಗಬೇಕಾದರೆ ಅವಳು ಯಂತ್ರವನ್ನು ಓಡಲು ಬಿಟ್ಟೇ ಹೋಗುತ್ತಿದ್ದಳು. ಜಾಹೀರಾತು ಬಂದರೂ ಅಡ್ಡಿಯಿಲ್ಲ, ಕಥೆ ತಪ್ಪಬಾರದು.

ಬೆಳಿಗ್ಗೆ ನಾನು ನೋಡುವಾಗ ಎಲ್ಲೋ ಒಂದು ಕಡೆ ಸಾಬೂನಿನ ಜಾಹೀರಾತಿನ ಬಾಲ ಕಾಣುತ್ತಿತ್ತು. ಅಷ್ಟೇ ಸಾಕು.

"ಇಲ್ಲೊಂದು ಸಾಬೂನು ಸಿಕ್ಕಿಬಿದ್ದಿದೆ. ಎಂತ ಆಗಿತ್ತು?"

"ಹಾಲು."

"ಇಲ್ಲಿ ಸಾಬೂನು, ಚಹಾಪುಡಿ, ಮೋಟರ್ ಬೈಕು ಎಲ್ಲ ಉಂಟಲ್ಲ! ಮೋಟರ್ ಬೈಕಿನವರೆಗೆ ಎಲ್ಲಿಗೆ ಹೋಗಿದ್ದಿ?"

"ಕೆಳಗಿನ ಮನೆ ಕುಲಕರ್ಣಿ ಬಾಯಿ ಬಂದಿದ್ರು ಮಾರಾಯ್ರೆ. ಸೊಸೆಯ ಸುದ್ದಿ. ಮೋಟರ್ ಬೈಕಿಗೆ ಮುಗೀತು ಅಂತ ಪುಣ್ಯ."

ಹೀಗೆ ನಾನಿಲ್ಲದ ಸಂಜೆಗಳು ನನಗೆ ತಿಳಿಯುತ್ತಿದ್ದವು. ಮಗಳು ಅಂಕಿತಾಗೆ ಜ್ವರ ಬಂದದ್ದು, ಊರಿನಿಂದ ಫೋನ್ ಬಂದದ್ದು, ಇಲಿ ಹೊಕ್ಕಿದ್ದು. ಸುಮತಿ ತಾನಾಗಿ ಸುದ್ದಿ ಹೇಳುವವಳಲ್ಲ. "ಎಂತ ವಿಶೇಷ?" ಎಂದು ಕೇಳಿದರೆ "ಎಂತದೂ ಇಲ್ಲ" ಎನ್ನುವವಳು. ಜಾಹೀರಾತು ತೋರಿಸಿ ಕೇಳಿದರೆ ಮಾತ್ರ ಬಾಯಿ ಬಿಡುತ್ತಿದ್ದಳು. ಹೋಟೆಲ್ ಕೆಲಸದವರ ಸಂಸಾರ ನಿಮಗೆ ಗೊತ್ತಿರಬಹುದು. ಗಂಡ ಬರುವಾಗ ಮನೆ ಮಲಗಿರುತ್ತದೆ, ಮನೆ ಏಳುವಾಗ ಗಂಡ ಮಲಗಿರುತ್ತಾನೆ. ನಮ್ಮಿಬ್ಬರ ನಡುವೆ ಆ ಯಂತ್ರ ಒಂದು ಕಿಟಕಿಯನ್ನು ತೆರೆದಿಟ್ಟಿತ್ತು.

ಕ್ಯಾಸೆಟ್ ಮಾತ್ರ ಒಂದೇ. ಇವತ್ತಿನದನ್ನು ನಿನ್ನೆಯದರ ಮೇಲೆಯೇ ಹಿಡಿಯುವುದು. ಕಪ್ಪು ಹಲಗೆ ಒರೆಸಿ ಬರೆದ ಹಾಗೆ. ಕೂಡಿಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ನಾಳೆಯೂ ಇದೆಯಲ್ಲ!

ಆ ಕೊನೆಯ ಸಂಜೆ ಕಳೆದ ಬೆಳಿಗ್ಗೆ ನಾನು ಚಹಾ ಹಿಡಿದು ಟಿ.ವಿ.ಯ ಎದುರು ಕೂತೆ. ಸುಮತಿಯ ಮುಖದಲ್ಲಿ ಏನೋ ಒಂದು ನಗು.

"ಎಂತ?" ಅಂದೆ.

"ಮೊದಲು ನೋಡಿ. ಮತ್ತೆ ಹೇಳ್ತೇನೆ."

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಇಬ್ಬರು ಗಂಡಸರು, ಒಂದು ತಟ್ಟೆ ಆಂಟೆನಾ, ಒಂದು ಪೆಟ್ಟಿಗೆ. ಐರೋಲಿಯಲ್ಲಿ ಕೆಲಸಕ್ಕೆ ಸೇರಿದ್ದ ಅಂಕಿತಾ ಮೊದಲ ಸಂಬಳದಲ್ಲಿ ನಮಗೆ ಹೇಳದೆ ತರಿಸಿದ್ದಳು: ತನ್ನಷ್ಟಕ್ಕೆ ತಾನೇ ಕಾರ್ಯಕ್ರಮ ಹಿಡಿದಿಡುವ ಹೊಸ ಸೆಟ್ ಟಾಪ್ ಬಾಕ್ಸ್. "ಮಮ್ಮಿ ಅಬ್ ಫ್ರೀ ಹೈ!" ಅಮ್ಮನಿಗೆ ಇನ್ನು ಬಿಡುವು ಎಂದು ಕುಣಿದಳು. ನಮ್ಮ ಮಗಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಗೋಡೆ ಕೊರೆದದ್ದೂ, ಧೂಳೆದ್ದದ್ದೂ, ಎಲ್ಲರಿಗೂ ಚಹಾ ಮಾಡಿದ್ದೂ ಆಗುವಾಗ ನನ್ನ ಹೋಟೆಲಿನ ಹೊತ್ತಾಯಿತು. ಹಳೆಯ ವಿ.ಸಿ.ಆರ್. ಹಳೆಯ ಸೀರೆಯೊಂದರಲ್ಲಿ ಸುತ್ತಿಕೊಂಡು ಅಟ್ಟ ಸೇರಿತು.

ಹೊಸ ಪೆಟ್ಟಿಗೆಗೆ ಸುಮತಿ "ಮನೆ ಅಳಿಯ" ಎಂದು ಹೆಸರಿಟ್ಟಳು. "ಕೂತಲ್ಲಿ ಕೂತಿರ್ತದೆ, ಹಾಕಿದ್ದನ್ನೆಲ್ಲ ತಿಂತದೆ. ಕಲ್ಲೂ ಗೊತ್ತಿಲ್ಲ, ಅನ್ನವೂ ಗೊತ್ತಿಲ್ಲ." ನಿಜ, ಅದು ಎಲ್ಲ ಜಾಹೀರಾತುಗಳನ್ನೂ ನಿಯತ್ತಾಗಿ ನುಂಗುತ್ತಿತ್ತು. ರಿಮೋಟ್ ಒತ್ತಿದರೆ ಹಾರಿಸಿಕೊಂಡು ಹೋಗಬಹುದು. ಆದರೆ ನನಗೆ ಕೇಳುವುದಕ್ಕೆ ಏನೂ ಉಳಿಯಲಿಲ್ಲ. ಕೆಲವು ದಿನ ನಾವಿಬ್ಬರೂ ಬೆಳಿಗ್ಗೆ ಸುಮ್ಮನೆ ಚಹಾ ಕುಡಿದೆವು.

ಆಮೇಲೆ ಒಂದು ದಿನ ಬ್ರೇಕ್ ಬಂದಾಗ ನಾನು ರಿಮೋಟ್ ಎತ್ತಿದೆ. ಅವಳು ನನ್ನ ಕೈ ಹಿಡಿದಳು. "ಹಾರಿಸ್ಬೇಡಿ. ಇದು ಮುಗಿಯುವವರೆಗೆ ಒಂದು ವಿಷಯ ಹೇಳ್ತೇನೆ" ಅಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಜಾಹೀರಾತೆಂದರೆ ಸುಮತಿ ಮಾತಾಡುವ ಹೊತ್ತು. ಹೇಳಲಿಕ್ಕೂ ಈಗ ಹೆಚ್ಚು ಇತ್ತು. ಮಣೆ ಬಿಟ್ಟೆದ್ದ ಅವಳು ಸಂಜೆ ಕುಲಕರ್ಣಿ ಬಾಯಿಯ ಜೊತೆ ಠಾಕುರ್ಲಿಯವರೆಗೆ ನಡೆಯತೊಡಗಿದಳು. ಭಜನೆಗೆ ಸೇರಿದಳು. ಒಬ್ಬಳೇ ಕಲ್ಯಾಣ್ ಪೇಟೆಗೆ ಹೋಗಿ ಚೌಕಾಸಿ ಮಾಡಿ ಸೀರೆ ತಂದಳು. ಆ ಅಳಿಯನಿಗೆ ನಾನು ಎಷ್ಟು ಕೃತಜ್ಞನೋ ಹೇಳಲಾರೆ. ಅವಳ ಸಂಜೆಗಳನ್ನು ಅವಳಿಗೆ ಕೊಟ್ಟದ್ದು ಅದು. ಅವುಗಳಲ್ಲಿ ಒಂದಿಷ್ಟನ್ನು ಅವಳು ನನಗೆ ಕೊಟ್ಟಳು.

ಹೋದ ವರ್ಷ ಶ್ರಾವಣದಲ್ಲಿ ಸುಮತಿ ತೀರಿಕೊಂಡಳು. ಹೆಚ್ಚು ನರಳಲಿಲ್ಲ. ಮಗಳು ಪಕ್ಕದಲ್ಲಿದ್ದಳು, ನಾನೂ ಇದ್ದೆ. ಅದಕ್ಕೂ ನಾನು ಋಣಿ. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಈಚೆಗೆ ಅಟ್ಟದ ಮೇಲೆ ಚಾವಣಿ ಸೋರಿತು. ಸಾಮಾನು ಇಳಿಸುವಾಗ ಸೀರೆಯ ಗಂಟು ಸಿಕ್ಕಿತು. "ಪಪ್ಪಾ, ಇಸೇ ತೋ ಭಂಗಾರ್‌ವಾಲಾ ಭೀ ನಹೀ ಲೇಗಾ", ಗುಜರಿಯವನೂ ಇದನ್ನು ತಗೊಳ್ಳಲಿಕ್ಕಿಲ್ಲ ಎಂದು ಅಂಕಿತಾ ಮುಚ್ಚಳ ಒತ್ತಿ ನೋಡಿದಳು. ಒಳಗೆ ಕ್ಯಾಸೆಟ್ ಇತ್ತು. ಆ ಕೊನೆಯ ಸಂಜೆಯದು, ನಾನು ನೋಡದೇ ಬಿಟ್ಟದ್ದು. "ಮತ್ತೆ ಹೇಳ್ತೇನೆ" ಎಂದ ನಗು ನನಗೆ ಆಗಲೇ ನೆನಪಾದದ್ದು. ಇಷ್ಟು ವರ್ಷ ಅವಳೂ ಮರೆತಿದ್ದಳು, ನಾನೂ ಮರೆತಿದ್ದೆ.

ಯಂತ್ರ ಸಮೇತ ಕಲ್ಯಾಣ್ ಪೇಟೆಗೆ ಹೋದೆ. ಹಳೆಯ ಕ್ಯಾಸೆಟ್ಟುಗಳನ್ನು ಪೆನ್ ಡ್ರೈವಿಗೆ ಹಾಕಿಕೊಡುವ ಅಂಗಡಿ. ನಡೆಸುವವಳು ಒಬ್ಬ ದಪ್ಪ ಕನ್ನಡಕದ ಮರಾಠಿ ಹೆಂಗಸು.

"ಲಗ್ನಾಚೀ ಕ್ಯಾಸೆಟ್ ಕಾ, ಕಾಕಾ?" ಮದುವೆಯದೇ ಎಂದು ಕೇಳಿದಳು.

"ಅಲ್ಲ, ಸೀರಿಯಲ್."

ಅವಳು ನನ್ನನ್ನು ಒಮ್ಮೆ, ಕ್ಯಾಸೆಟ್ಟನ್ನು ಒಮ್ಮೆ ನೋಡಿದಳು. ಟೇಪಿನ ಮೇಲೆ ಬೂಷ್ಟು ಬಂದಿದೆ, ಓಡಿಸುವಾಗ ತುಂಡಾದರೆ ತನ್ನನ್ನು ಬೈಯಬಾರದು ಎಂದಳು. ಸೀರಿಯಲ್ ಬೇಕಾದರೆ ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತದಲ್ಲ, ಎಂದೂ ಹೇಳಿದಳು. ನಾನು ಕ್ಯಾಸೆಟ್ಟನ್ನು ಅವಳ ಕೈಗೆ ಕೊಟ್ಟು ಬಂದೆ. ಕಾಯುವ ದಿನಗಳಲ್ಲೆಲ್ಲ ತುಂಡಾದರೆ ಎಂಬ ಒಂದೇ ಯೋಚನೆ.

ಕೊನೆಗೆ ಫೋನ್ ಬಂತು. ಟೇಪ್ ಉಳಿಯಿತು ಎಂದಳು ಅಂಗಡಿಯವಳು. "ಕಾಕಾ, ಮಧ್ಯೆ ಜಾಹಿರಾತಿ ಆಹೇತ್, ಕಾಢೂನ್ ಟಾಕೂ?"

ಜಾಹೀರಾತು ತೆಗೆದುಹಾಕಲೇ ಎಂದು ಕೇಳುತ್ತಿದ್ದಾಳೆ! ನಾನು ಫೋನಿನಲ್ಲಿ ಕೂಗಿಯೇ ಬಿಟ್ಟೆ: "ನಕೋ ನಕೋ! ಬೇಕಾದರೆ ಸೀರಿಯಲ್ ತೆಗೀರಿ, ಜಾಹೀರಾತು ಮುಟ್ಟಬೇಡಿ!"

 "ಬರಂ, ಕಾಕಾ," ಆಗಲಿ ಎಂದಳು ಅವಳು, ಮೆಲ್ಲಗೆ.

ಇವತ್ತು ಬೆಳಿಗ್ಗೆ ಅಂಕಿತಾ ಪೆನ್ ಡ್ರೈವನ್ನು ಟಿ.ವಿ.ಗೆ ಚುಚ್ಚಿದಳು. ಇಬ್ಬರೂ ಚಹಾ ಹಿಡಿದು ಕೂತೆವು. ಚಿತ್ರದಲ್ಲಿ ಗೆರೆಗಳಿದ್ದವು, ಬಣ್ಣ ಮಾಸಿತ್ತು. ಮೊದಲ ಬ್ರೇಕ್ ಚೊಕ್ಕವಾಗಿ ಕತ್ತರಿಸಿ ಹೋಗಿತ್ತು: ಅವಳು ಮಣೆಯ ಮೇಲಿದ್ದಾಳೆ, ಬೆರಳು ಗುಂಡಿಯ ಮೇಲಿದೆ. ಎರಡನೆಯದರಲ್ಲಿ ಸಾಬೂನಿನ ಬಾಲ. "ಹಾಲು" ಅಂದೆ. ಅಂಕಿತಾ ನಕ್ಕಳು. ಮೂರನೆಯ ಬ್ರೇಕ್ ಬಂತು. ಸಾಬೂನು, ಚಹಾಪುಡಿ, ಮೋಟರ್ ಬೈಕು, ಚಿನ್ನದಂಗಡಿ, ಎಲ್ಲ ಹಾದುಹೋದವು. ಕಥೆ ಮುಗಿಯಿತು. ಮುಂದಿನ ಧಾರಾವಾಹಿ ಶುರುವಾಗಿ ಅದೂ ಮುಗಿಯಿತು. ವಾರ್ತೆ ಬಂತು. ಯಂತ್ರವನ್ನು ಓಡಲು ಬಿಟ್ಟು ಅವಳು ಅಷ್ಟು ಹೊತ್ತು ಎದ್ದು ಹೋಗಿದ್ದಳು. ವಾರ್ತೆಯ ನಡುವೆ ಫಕ್ಕನೆ ಚಿತ್ರ ಕತ್ತರಿಸಿ ಹೋಯಿತು. ಅಲ್ಲಿ ಅವಳು ಮರಳಿ ಬಂದಿದ್ದಾಳೆ.

ಆ ಕತ್ತರಿಸಿದ ಜಾಗವನ್ನು ನಾನು ಮತ್ತೊಮ್ಮೆ ಹಾಕಿಸಿಕೊಂಡು ನೋಡಿದೆ. ಅವಳ ಬೆರಳು ಒತ್ತಿದ ಗಳಿಗೆ ಅದು. ಅದು ನನ್ನ ಪಾಲಿಗೆ ಉಳಿಯಿತಲ್ಲ, ಸಾಕು ಅನ್ನಿಸಿತು. ಅಂಕಿತಾ ಟಿ.ವಿ. ಆರಿಸಲಿಲ್ಲ. ಅಪರೂಪಕ್ಕೆ ಕನ್ನಡದಲ್ಲಿ, ಒಂದೊಂದೇ ಶಬ್ದ ಹುಡುಕಿ ಕೇಳಿದಳು: "ಪಪ್ಪಾ, ಅವತ್ತು ಯಾರು ಬಂದಿದ್ದು?"

ನನಗೆ ಗೊತ್ತಿಲ್ಲ.