ಕಣ್ಣು ತೆರೆದು ಮಲಗುವ ಮೊಲವೂ ಮಹಬೂಬ್ ಬಿಯ ಕೋಪವೂ

ಹಿರಿಯರೇ, ತಾಯಂದಿರೇ, ಕೈಯ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಇತ್ತ ಕಿವಿಗೊಡಿ. ತರೀಕೆರೆಯ ಪೇಟೆಯ ಹಿಂದಿನ ಬೀದಿಯಲ್ಲಿ ಹಾಸಿಗೆ ಹೊಲಿಯುವ ಮಹಬೂಬ್ ಬಿ ಎಂಬ ತಾಯಿಯ ಕೋಪದ ಕಥೆಯಿದು. ಕೋಪವನ್ನು ನುಂಗಿಕೊಳ್ಳಿರೆಂದು ಎಷ್ಟೋ ಸಭೆಗಳಲ್ಲಿ ಉಪದೇಶ ಮಾಡಿದವನು ನಾನು. ಈ ಕೋಪದ ಎದುರು ಮಾತ್ರ ನನಗೆ ಉಪದೇಶ ಹೊರಡಲಿಲ್ಲ.

ಮಹಬೂಬ್ ಬಿಯವರಿಗೆ ಅರವತ್ತೆರಡು ವರ್ಷ. ಗಂಡ ತೀರಿಕೊಂಡ ಮೇಲೆ ಹತ್ತಿ ಹಿಂಜುವುದು, ಹಾಸಿಗೆ ತುಂಬುವುದು, ದಿಂಬು ಹೊಲಿಯುವುದು ಎಲ್ಲವೂ ಅವರ ಹೆಗಲಿಗೇ ಬಂತು. ಅಜ್ಜಂಪುರದಿಂದ ಕಡೂರಿನವರೆಗೆ ಎಷ್ಟು ಮದುಮಕ್ಕಳು ಅವರ ದಿಂಬಿಗೆ ತಲೆಯಿಟ್ಟಿದ್ದಾರೋ! ನಿದ್ರೆಯೆಂಬುದು ಅಲ್ಲಾಹನು ಬಡವನಿಗೂ ಬಲ್ಲಿದನಿಗೂ ಸಮವಾಗಿ ಕೊಟ್ಟ ಕರುಣೆ, ಆ ಕರುಣೆಗೆ ಹಾಸು ಹೊಲಿಯುವುದೇ ತನ್ನ ಸೇವೆ ಎಂದು ಅವರು ನಂಬಿದ್ದರು. ಮಲಗಿದವರನ್ನು ಯಾರಾದರೂ ಸುಮ್ಮಸುಮ್ಮನೆ ಎಬ್ಬಿಸಿದರೆ ಅವರ ಮೈಯೆಲ್ಲ ಉರಿಯುತ್ತಿತ್ತು.

ಕಳೆದ ವರ್ಷ ಬೀರೂರಿನ ಸಂತೆಯಲ್ಲಿ ಒಬ್ಬ ಮಾರಾಟಗಾರ ಹನ್ನೊಂದು ಮೊಲಗಳನ್ನು ಒಂದೇ ತಂತಿಬುಟ್ಟಿಗೆ ತುರುಕಿ ಬಿಸಿಲಲ್ಲಿ ಇಟ್ಟಿದ್ದ.

"ಇವಕ್ಕೆ ನಿದ್ದೆ ಬೇಡ್ವೇನಪ್ಪಾ?" ಎಂದು ಮಹಬೂಬ್ ಬಿ ಕೇಳಿದರು.

"ಮೊಲ ಎಲ್ಲಿ ನಿದ್ದೆ ಮಾಡ್ತದಮ್ಮ? ಇವು ಕಣ್ಣು ಮುಚ್ಚಿದ್ದೇ ನಾನು ಕಂಡಿಲ್ಲ."

"ನಿನ್ನ ಬುಟ್ಟೀಲಿ ನನ್ನ ಕೂರಿಸಿದ್ರೆ ನಾನೂ ಮುಚ್ತಿರ್ಲಿಲ್ಲ ಬಿಡು!" ಎಂದು ಗದರಿ, ಹಾಸಿಗೆಯ ಬಟ್ಟೆಗೆಂದು ತಂದ ಹಣ ಕೊಟ್ಟು ಒಂದು ಜೋಡಿಯನ್ನು ಮನೆಗೆ ತಂದರು. ಹೆಣ್ಣುಮೊಲಕ್ಕೆ ರೂಯಿ ಎಂದು ಹೆಸರಿಟ್ಟರು. ಅವರ ಮನೆಮಾತಿನಲ್ಲಿ ಹಾಗೆಂದರೆ ಹತ್ತಿ.

ಗಂಡುಮೊಲದ ಗೂಡು ಹಿತ್ತಿಲಲ್ಲಿ; ರೂಯಿಯ ಗೂಡು ಅಂಗಳದಲ್ಲಿ, ಅವರು ಹೊಲಿಯುವ ಜಾಗದ ಪಕ್ಕದಲ್ಲೇ ಇತ್ತು. ಬೆಳಗಿನ ನಮಾಜಿನ ಹೊತ್ತಿಗೂ ಮುಸ್ಸಂಜೆಯ ನಮಾಜಿನ ಹೊತ್ತಿಗೂ ರೂಯಿ ಎಚ್ಚರವಾಗಿ ಕುಣಿಯುತ್ತಿತ್ತು. ಭಕ್ತರು ಏಳುವ ಹೊತ್ತಿಗೆ ತಾನೂ ಏಳುವ ಜೀವ! ಮಧ್ಯಾಹ್ನವಾದರೆ ಕಾಲು ಮಡಚಿ, ಕಣ್ಣು ಅಗಲಿಸಿ, ಕಲ್ಲಿನಂತೆ ಕುಳಿತಿರುತ್ತಿತ್ತು. ಅದು ಮಲಗುವುದು ಯಾವಾಗ? ದಬ್ಬಳಕ್ಕೆ ದಾರ ಪೋಣಿಸುತ್ತ ಒಂದು ದಿನ ಅವರು ಗಮನಿಸಿದರು: ಎಚ್ಚರವಿದ್ದಾಗ ಎಡೆಬಿಡದೆ ಅದುರುವ ಮೂಗು ಆಗ ನಿಂತುಬಿಟ್ಟಿತ್ತು. ಕಣ್ಣು ತೆರೆದಿದ್ದರೂ ರೂಯಿ ಗಾಢನಿದ್ರೆಯಲ್ಲಿತ್ತು. ಎಲ್ಲಿಂದ ಅಪಾಯ ಬಂದೀತೋ ಎಂಬ ಭಯದ ನಿದ್ರೆ ಅದು.

ತನ್ನ ಮನೆಯಲ್ಲಿ ಇದು ಒಂದು ದಿನವಾದರೂ ಕಣ್ಣು ಮುಚ್ಚಿ ಮಲಗಬೇಕು ಎಂಬುದೇ ಅಂದಿನಿಂದ ಅವರ ಹಂಬಲವಾಯಿತು. ಒಂದು ಮಾತಿಲ್ಲದೆ, ಕತ್ತರಿಯನ್ನೂ ಸದ್ದಾಗದಂತೆ ಇಡುತ್ತ ಎಂಟು ತಿಂಗಳು ಕಾದರು. ಒಂದು ಮಧ್ಯಾಹ್ನ ರೂಯಿಯ ರೆಪ್ಪೆ ಅರ್ಧ ಇಳಿಯಿತು. ಮಹಬೂಬ್ ಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಆಗ ಅದು ಗಬ್ಬವಾಗಿತ್ತು.

ಅದೇ ವಾರ ಲಕ್ಕಣ್ಣ ಬಂದ. ಕಡೂರು ದಾರಿಯ ಬಸ್ಸುಗಳಲ್ಲಿ ಮೂವತ್ತು ವರ್ಷ ಕಂಡಕ್ಟರನಾಗಿ ನಿವೃತ್ತನಾದವನು. ಮಗಳು ಧನ್ಯಶ್ರೀಯ ಮದುವೆಗೆ ಹಾಸಿಗೆ ಹೇಳಲು ಬಂದಿದ್ದ. ಮಹಬೂಬ್ ಬಿ ಬಟ್ಟೆ ತೋರಿಸಲು ಒಳಗೆ ಹೋದರು. ಹೊಸಬನ ಸದ್ದಿಗೆ ರೂಯಿ ಅಂದು ಕಣ್ಣು ತೆರೆದೇ ಮಲಗಿತ್ತು. ಲಕ್ಕಣ್ಣ ಛತ್ರಿಯ ತುದಿಯಿಂದ ಗೂಡಿನ ತಗಡನ್ನು ಢಣಢಣ ಬಡಿದ. "ಏಳಮ್ಮಾ, ಏಳು! ಕಡೂರು ಬಂತು!" ಎಂದು ಕೂಗಿ ತಿವಿದೂಬಿಟ್ಟ.

ರೂಯಿ ಚಂಗನೆ ಎಗರಿ ಮೇಲಿನ ತಗಡಿಗೆ ತಲೆ ಬಡಿದುಕೊಂಡು, ಮೂಲೆಗೆ ಬಿದ್ದು ನಡುಗತೊಡಗಿತು.

"ಏನ್ ಮಾಡ್ದೆ ಲಕ್ಕಣ್ಣಾ?" ಎನ್ನುತ್ತ ಮಹಬೂಬ್ ಬಿ ಒಳಗಿನಿಂದ ಓಡಿಬಂದರು.

"ಏನಿಲ್ಲ ಬೂಬಮ್ಮ, ಮಾತಾಡ್ಸ್ದೆ ಅಷ್ಟೆ. ಕಣ್ಣು ಬಿಟ್ಕೊಂಡು ಕೂತಿತ್ತು."

"ಮಲಗಿತ್ತು ಕಣೋ!"

"ಕಣ್ಣು ಬಿಟ್ಕೊಂಡಾ? ಟಿಕೆಟ್ ತಪ್ಸೋಕೆ ಕಣ್ಣು ಮುಚ್ಕೊಂಡು ಎದ್ದಿರೋರ್ನ ಸಾವಿರ ಜನ ನೋಡಿವ್ನಿ. ಕಣ್ಣು ಬಿಟ್ಕೊಂಡು ಮಲಗೋರು ಒಬ್ರೂ ಸಿಕ್ಕಿಲ್ಲ ಕಣಮ್ಮ!"

"ನೀನು ಟಿಕೆಟ್ ಹರ್ದೋನು, ನಾನು ಹಾಸಿಗೆ ಹೊಲ್ದೋಳು. ನಿದ್ದೆ ಯಾವ್ದು ಅಂತ ನಂಗೆ ಹೇಳ್ಕೊಡ್ಬೇಡ. ಮೂಗು ನೋಡ್ದೇನೋ? ಮೂಗು ಆಡ್ತಿತ್ತಾ?"

ಲಕ್ಕಣ್ಣ ಮೂಗು ನೋಡಿರಲಿಲ್ಲ. ಮೊಲಕ್ಕೆ ಇಷ್ಟು ರಂಪವೇ ಎಂದು ಗೊಣಗುತ್ತ ಹೋದ.

ಮರುದಿನ ಬೆಳಗ್ಗೆ ರೂಯಿ ದಿನ ತುಂಬುವ ಮೊದಲೇ ಈಯಿತು. ಎದೆಯ ತುಪ್ಪಳವನ್ನು ತಾನೇ ಕಿತ್ತು ಮರಿಗಳಿಗೆ ಹಾಸುವ ತಾಯಿ ಮೊಲ, ಬೆದರಿಕೆಯಲ್ಲಿ ಹಾಸದೆಯೇ ಬರಿಯ ಹಲಗೆಯ ಮೇಲೆ ಐದು ಮರಿ ಹಾಕಿತ್ತು. ಮೂರು ತಣ್ಣಗಾಗಿದ್ದವು. ಉಳಿದೆರಡನ್ನು ಮಹಬೂಬ್ ಬಿ ಬೂರುಗದ ಹತ್ತಿಯಲ್ಲಿ ಸುತ್ತಿ ಬದುಕಿಸಿದರು. ಸತ್ತ ಮೂರನ್ನು ದಿಂಬಿನ ಬಟ್ಟೆಯಲ್ಲಿಟ್ಟುಕೊಂಡು ನೇರ ಲಕ್ಕಣ್ಣನ ಮನೆಗೆ ನಡೆದರು. ಅಲ್ಲಿ ಚಪ್ಪರ ಹಾಕುತ್ತಿದ್ದರು. ಮಹಬೂಬ್ ಬಿ ಗೇಟಿನಾಚೆಯೇ ನಿಂತರು.

"ಮದುವೆ ಮನೆ ಅಂತ ಒಳಗೆ ಬರ್ಲಿಲ್ಲ. ನೀನೇ ಆಚೆ ಬಾ!"

ಲಕ್ಕಣ್ಣ ಬಂದ. ಅವರು ಕೈಯಲ್ಲಿದ್ದ ದಿಂಬಿನ ಬಟ್ಟೆಯ ಗಂಟು ಬಿಚ್ಚಿದರು.

"ಎಬ್ಬಿಸು. ಕಡೂರು ಬಂತು ಅನ್ನು. ಏನ್ ನೋಡ್ತೀಯಾ? ಎಬ್ಬಿಸೋದ್ರಲ್ಲಿ ಭಾರಿ ಹುಷಾರು ನೀನು, ಎಬ್ಬಿಸೋ!"

ಹೆಬ್ಬೆರಳಿಗಿಂತ ತುಸು ದೊಡ್ಡದಾದ, ಕೂದಲಿಲ್ಲದ ಆ ಮೂರು ಜೀವಗಳನ್ನು ನೋಡಿ ಲಕ್ಕಣ್ಣ ಕೈಜೋಡಿಸಿದ. "ತಪ್ಪಾಯ್ತು ಬೂಬಮ್ಮ. ಬೆಲೆ ಏನಾಯ್ತದೋ ಕೊಟ್ಬಿಡ್ತೀನಿ..."

"ನಿನ್ನ ದುಡ್ಡಿಗೆ ಬೆಂಕಿ ಹಾಕ! ಧನ್ಯಶ್ರೀ ಹಾಸಿಗೆ ಹೊಲೀತೀನಿ, ಆ ಮಗು ಏನೂ ಮಾಡಿಲ್ಲ. ಆದ್ರೆ ನೀನು ದಿನಾ ಮಧ್ಯಾಹ್ನ ನನ್ನ ಬಾಗ್ಲಲ್ಲಿ ಬಂದು ಕೂರ್ಬೇಕು. ಸದ್ದು ಮಾಡೋರ್ನ ತಡೀಬೇಕು. ರೂಯಿ ಕಣ್ಣು ಮುಚ್ಚೋವರೆಗೂ."

ಲಕ್ಕಣ್ಣ ಮರುದಿನದಿಂದಲೇ ಬಂದು ಕುಳಿತ. ಸಿಲಿಂಡರ್ ಉರುಳಿಸುವವರಿಗೆ ಕೈಮುಗಿದ, ಹಳೇಸಾಮಾನಿನವನ ಮೈಕು ನಿಲ್ಲಿಸಿದ, ಕಾಯಿಪಲ್ಲೆಯವಳಿಗೆ ಬೆರಳಲ್ಲೇ ಸನ್ನೆ ಮಾಡಿದ. ಮಗಳ ಮದುವೆಯ ದಿನ ಒಂದನ್ನು ಬಿಟ್ಟು ತಪ್ಪಿಸಲಿಲ್ಲ. ಮಹಬೂಬ್ ಬಿ ಅವನಿಗೆ ನೀರು ಕೊಟ್ಟರು, ಮಾತಾಡಿಸಲಿಲ್ಲ. ಗೂಡಿನಲ್ಲಿ ತೆರೆದೇ ಇರುವ ಆ ಕಣ್ಣು ಕಂಡಾಗಲೆಲ್ಲ ಅವರ ಕೋಪ ಹೊಸದಾಗಿ ಹೊತ್ತಿಕೊಳ್ಳುತ್ತಿತ್ತು.

ಮೂರನೆಯ ತಿಂಗಳ ಒಂದು ಮಧ್ಯಾಹ್ನ, ಬದುಕುಳಿದ ಎರಡೂ ಮರಿಗಳು ಪಕ್ಕಕ್ಕೊರಗಿರಲು, ರೂಯಿಯ ಮೂಗು ನಿಧಾನವಾಗಿ ನಿಂತಿತು. ರೆಪ್ಪೆ ಅರ್ಧ ಇಳಿಯಿತು, ಇನ್ನಷ್ಟು ಇಳಿಯಿತು, ಪೂರ್ತಿ ಮುಚ್ಚಿತು. ಲಕ್ಕಣ್ಣ ಹಿಗ್ಗಿ ಎದ್ದುನಿಂತ.

"ಬೂಬ..."

ಮಹಬೂಬ್ ಬಿ ದಬ್ಬಳವನ್ನು ಅವನತ್ತ ಚಾಚಿ, ಉಸಿರಿನಲ್ಲೇ ಗದರಿದರು: "ಬಾಯ್ಮುಚ್ಚು! ಎದ್ದು ಮನೆಗೆ ಹೋಗು. ಚಪ್ಪಲಿ ಕೈಲಿ ಹಿಡ್ಕೊಂಡು ಹೋಗು."

ಎಷ್ಟೋ ಸಾವಿರ ಜನರನ್ನು ಕೂಗಿ ಎಬ್ಬಿಸಿದ ಆ ಮನುಷ್ಯ ಎರಡೂ ಚಪ್ಪಲಿಯನ್ನು ಎದೆಗವಚಿಕೊಂಡು, ಬಿಸಿಲಿಗೆ ಕಾದ ಬೀದಿಯಲ್ಲಿ ಬರಿಗಾಲಿನಲ್ಲಿ ನಡೆದುಹೋದ.

ಬಂಧುಗಳೇ, ಮೂಕಜೀವವಿರಲಿ, ಪಾಳಿ ಮುಗಿಸಿ ಬಂದ ಕೂಲಿಯವನಿರಲಿ, ನಿಮ್ಮ ಎದುರು ಒಂದು ಜೀವ ಮಲಗಿದ್ದರೆ ಮುಟ್ಟುವ ಮೊದಲು ಅದರ ಉಸಿರನ್ನು ನೋಡಿ. ನಂಬಿ ಕಣ್ಣು ಮುಚ್ಚಿದವರ ಮುಂದೆ ನೀವೂ ನಿಮ್ಮ ಚಪ್ಪಲಿಯನ್ನು ಕೈಗೆತ್ತಿಕೊಂಡು ನಡೆಯಿರಿ.