ಬಸ್ಸಿಗಿನ್ನೂ ಹೊತ್ತಿತ್ತು

ಹೋದ ತಿಂಗಳು ಚಳ್ಳಕೆರೆಯ ನನ್ನ ಅಂಗಡಿ ಬೋರ್ಡಿಗೆ ಹೊಸ ಬಣ್ಣ ಹೊಡೆಸಿದೆ. ಏಣಿಯ ಮೇಲಿದ್ದ ಪೇಂಟರ್ ಬಗ್ಗಿ ಕೇಳಿದ: "ಸರ್, ಜೆರಾಕ್ಸ್ ಇರ್ಲಿ, ಲ್ಯಾಮಿನೇಷನ್ ಇರ್ಲಿ. ಈ ಫ್ಯಾಕ್ಸ್ ಅನ್ನೋದು ಇನ್ನ ಯಾಕ್ರಿ? ಅಳಿಸ್ಲಾ?"

ಅಳಿಸು ಎನ್ನುವುದಕ್ಕೆ ಏನು ಕಷ್ಟವಿತ್ತು? ಫ್ಯಾಕ್ಸ್ ಕಳಿಸಬೇಕು ಎಂದು ನನ್ನ ಅಂಗಡಿಗೆ ಯಾರಾದರೂ ಬಂದು ವರ್ಷಗಳೇ ಆಗಿವೆ. ಆದರೂ ನಾಲಿಗೆ ಏಳಲಿಲ್ಲ. ಫ್ಯಾಕ್ಸ್ ಅಳಿಸುವ ಕೆಲಸವನ್ನು ನಾನು ಹಿಂದೊಮ್ಮೆ ಮಾಡಿದ್ದೇನೆ, ಅದು ನೆನಪಾಯಿತು. "ಇಳಿದು ಟೀ ಕುಡಿ, ಆಮೇಲೆ ಹೇಳ್ತೀನಿ" ಎಂದು ಅವನನ್ನು ಕೆಳಗಿಳಿಸಿದೆ.

ಆಗ ನನಗೆ ಇಪ್ಪತ್ತಾರು ವರ್ಷ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಕಡೆ ಕಂಪ್ಯೂಟರ್ ಕೆಟ್ಟರೆ ನನ್ನನ್ನೇ ಕರೆಯುತ್ತಿದ್ದರು. "ಕಂಪ್ಯೂಟರ್ ಡಾಕ್ಟ್ರು ಬಂದ್ರು" ಎಂದರೆ ಕಿವಿ ಅರಳುತ್ತಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನ್ನ ಐಶ್ವರ್ಯ ಪಾಸ್‌ವರ್ಡು. ಯಾವ ಕಚೇರಿಗೆ ಹೋದರೂ ಕಂಪ್ಯೂಟರಿನ ಪೂರ್ತಿ ಅಧಿಕಾರವಿರುವ ಖಾತೆಯನ್ನು ನನ್ನ ಕೈಯಲ್ಲಿಟ್ಟುಕೊಂಡು, ದಿನಾ ಅಲ್ಲಿ ಕೂತು ಕೆಲಸ ಮಾಡುವವರಿಗೆ ಕೈ ಕಟ್ಟಿದ ಖಾತೆಯೊಂದನ್ನು ಮಾಡಿಕೊಡುತ್ತಿದ್ದೆ. ಅವರು ಟೈಪ್ ಮಾಡಬಹುದು, ಪ್ರಿಂಟ್ ತೆಗೆಯಬಹುದು. ಹೊಸದೇನನ್ನೂ ಹಾಕುವಂತಿಲ್ಲ, ಇದ್ದದ್ದನ್ನು ಬದಲಿಸುವಂತಿಲ್ಲ. "ಹಿಂಗಿದ್ರೆ ವೈರಸ್ ಬರಲ್ಲ" ಎನ್ನುತ್ತಿದ್ದೆ. ಅದು ಅರ್ಧ ನಿಜ. ಚಿಕ್ಕಪುಟ್ಟದ್ದಕ್ಕೂ ನನ್ನನ್ನೇ ಕಾಯಲಿ ಎಂಬುದು ಉಳಿದರ್ಧ.

ಮೊಳಕಾಲ್ಮೂರಿನಲ್ಲಿ ನೇಕಾರರ ಸಣ್ಣದೊಂದು ಸಂಘವಿತ್ತು, ಈಗಿಲ್ಲ. ರೇಷ್ಮೆ ಸೀರೆಗೆ ಹೊರಗಿನಿಂದ ಆರ್ಡರ್ ಹಿಡಿದು ನೇಕಾರರಿಗೆ ಹಂಚುವುದು ಅದರ ಕೆಲಸ. ಅವರ ಫ್ಯಾಕ್ಸ್ ಮೆಷಿನ್ ಕೆಟ್ಟು ಕೂತಿತ್ತು. ಯಾರೋ ಕೊಟ್ಟ ಹಳೆಯ ಕಂಪ್ಯೂಟರೊಂದಿತ್ತು, ಆನ್ ಮಾಡಿದರೆ ಒಂದು ಎಲೆಅಡಿಕೆ ಹಾಕಿ ಮುಗಿಸುವಷ್ಟು ಹೊತ್ತು ಗುರ್ ಎನ್ನುತ್ತಿತ್ತು. ಕಾರ್ಯದರ್ಶಿಗಳು ನನ್ನನ್ನು ಕರೆಸಿದರು. ಬೇರೆ ಮೆಷಿನ್ ಯಾಕೆ, ಇದರೊಳಗೇ ಫ್ಯಾಕ್ಸ್ ಬರುವಂತೆ ಮಾಡುತ್ತೇನೆ ಎಂದು ಜಂಬದಿಂದ ಒಪ್ಪಿಕೊಂಡೆ.

ಅಲ್ಲಿ ಗುಮಾಸ್ತೆಯಾಗಿ ಒಬ್ಬ ಹುಡುಗಿಯಿದ್ದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಅದೇ ಊರಿನ ನೇಕಾರರ ಮಗಳು, ಅಪ್ಪ ಆ ಸಂಘಕ್ಕೇ ನೇಯುತ್ತಿದ್ದರು. ಮೂರು ತಿಂಗಳು ಕಂಪ್ಯೂಟರ್ ಕೋರ್ಸ್ ಮಾಡಿದ್ದಳು. ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಆ ಸಂಘದಲ್ಲಿ ಮೇಜಿನ ಮುಂದೆ ಕೂತ ಮೊದಲ ಹೆಣ್ಣುಮಗಳು ಅವಳೇ.

ನಾನು ನನ್ನ ಖಾತೆಯಲ್ಲಿ ಫ್ಯಾಕ್ಸಿನ ತಂತ್ರಾಂಶ ಹಾಕಿದೆ, ಫೋನ್ ಲೈನ್ ಜೋಡಿಸಿದೆ. ಎದುರಿನ ಎಸ್‌ಟಿಡಿ ಬೂತಿನಿಂದ ಒಂದು ಹಾಳೆ ಫ್ಯಾಕ್ಸ್ ಮಾಡಿಸಿದೆ. ಅದು ಪರದೆಯ ಮೇಲೆ ಬಂತು, ಪ್ರಿಂಟ್ ಒತ್ತಿದರೆ ಹಾಳೆಯಲ್ಲಿ ಇಳಿಯಿತು. ಕಾರ್ಯದರ್ಶಿಗಳು ಬೆನ್ನು ತಟ್ಟಿ ಮಂಡಕ್ಕಿ, ಮೆಣಸಿನಕಾಯಿ ತರಿಸಿದರು. ಆಮೇಲೆ ಆ ಹುಡುಗಿಗೆ ನನ್ನ ಪದ್ಧತಿಯಂತೆ ಕೈ ಕಟ್ಟಿದ ಖಾತೆ ಮಾಡಿಕೊಟ್ಟು ಚೀಲ ಎತ್ತಿಕೊಂಡೆ.

"ಅಣ್ಣ, ನನ್ನ ಹೆಸ್ರಿನ ಕಡೆಯಿಂದ ಒಂದ್ಸಲ ತೆಗ್ದು ತೋರ್ಸ್ರಿ. ಅಲ್ಲೂ ಹಿಂಗೇ ಬರ್ತೈತಾ ನೋಡಾನ" ಎಂದಳು.

"ಎಲ್ಲಾ ಒಂದೇ ಕಣಮ್ಮ. ಬಸ್ಸಿಗೆ ಹೊತ್ತಾಯ್ತು" ಎಂದೆ.

ಎಲ್ಲಾ ಒಂದೇ ಆಗಿರಲಿಲ್ಲ. ಬಸ್ಸಿಗೂ ಹೊತ್ತಾಗಿರಲಿಲ್ಲ. ಮೂರು ತಿಂಗಳು ಕಲಿತವಳು ನನಗೆ ಪರೀಕ್ಷೆ ಮಾಡಿ ತೋರಿಸು ಎನ್ನುತ್ತಾಳಲ್ಲ ಎಂದು ಒಳಗೊಳಗೇ ಸಿಟ್ಟು ಬಂದಿತ್ತು, ಅಷ್ಟೆ.

ಹತ್ತು ದಿನಕ್ಕೆ ಅವಳದೇ ಫೋನ್ ಬಂತು. "ಅಣ್ಣ, ಒಂದ್ ಫ್ಯಾಕ್ಸೂ ಬಂದಿಲ್ಲ. ಯಾರಾದ್ರೂ ಫೋನ್ ಮಾಡಿದ್ರೆ ನಾವ್ ಎತ್ತೋದ್ರೊಳಗೆ ಕಂಪ್ಯೂಟರೇ ಎತ್ತಿ ಕಿರುಚ್ಕೊಳ್ತೈತೆ. ಒಂದ್ಸಲ ಬಂದು ನೋಡ್ತೀರಾ?"

"ಕಳಿಸಿದ್ರೆ ತಾನೇ ಬರೋದು?" ಎಂದು ನಕ್ಕೆ. ಅಂಗಡಿಯಲ್ಲಿದ್ದ ನಾಲ್ಕು ಜನರೂ ನಕ್ಕರು. ಅವರು ನಗಲಿ ಎಂದೇ ಜೋರಾಗಿ ಹೇಳಿದ್ದೆ.

ಇನ್ನೂ ಕೆಲವು ವಾರ ಕಳೆದ ಮೇಲೆ ಕಾರ್ಯದರ್ಶಿಗಳೇ ಫೋನ್ ಮಾಡಿ, ಇವತ್ತೇ ಬರಬೇಕು ಎಂದರು. ದನಿ ಗಡುಸಾಗಿತ್ತು. ಹೋದಾಗ ಪಡಸಾಲೆಯಲ್ಲಿ ಸಂಘದ ನಾಲ್ವರು ಹಿರಿಯರು ಕೂತಿದ್ದರು. ಬೆಂಗಳೂರಿನ ಒಂದು ಅಂಗಡಿ ಮದುವೆ ಮನೆಯೊಂದಕ್ಕಾಗಿ ಕೆಂಪು ಅಂಚಿನ ಸೀರೆಗಳಿಗೆ ಆರ್ಡರ್ ಕೊಟ್ಟಿತ್ತು. ಆಮೇಲೆ ಅಂಚು ಹಸಿರಿರಲಿ ಎಂದು ಫ್ಯಾಕ್ಸ್ ಕಳಿಸಿತ್ತಂತೆ. ಒಂದಲ್ಲ, ಮೂರು ಸಲ. ಇಲ್ಲಿ ಮಗ್ಗದ ಮೇಲೆ ಕೆಂಪು ಅಂಚೇ ನಡೆದು, ಸೀರೆಗಳೆಲ್ಲ ಹೋಗಿ, ಎಲ್ಲವೂ ವಾಪಸ್ ಬಂದಿದ್ದವು. ಫ್ಯಾಕ್ಸ್ ಮುಟ್ಟಿದೆ ಎಂದು ಅವರ ಮೆಷಿನ್ ಕೊಟ್ಟ ಚೀಟಿಗಳನ್ನೂ ಜೊತೆಗಿಟ್ಟು ಕಳಿಸಿದ್ದರು.

ಅವನ್ನು ನೇಯ್ದದ್ದು ಆ ಹುಡುಗಿಯ ಅಪ್ಪ.

ಮಗ್ಗಕ್ಕೆ ಹಾಸಿನ ಉದ್ದೆಳೆಗಳನ್ನು ಹೂಡಿ ನೇಯಲು ಕೂತ ಮೇಲೆ ಅಂಚಿನ ಬಣ್ಣ ಬದಲಿಸುವುದೆಂದರೆ ಆಟವಲ್ಲ. ಅಂಚಿನ ಎಳೆಗಳನ್ನೆಲ್ಲ ಕತ್ತರಿಸಿ ಬೇರೆ ಬಣ್ಣದವನ್ನು ಒಂದೊಂದಾಗಿ ಕಟ್ಟಬೇಕು. ಮನೆಮಂದಿಯೆಲ್ಲ ಕೂತರೂ ದಿನಗಟ್ಟಲೆ ಹಿಡಿಯುತ್ತದೆ. ಇದು ಅಲ್ಲಿ ಕೂತಿದ್ದ ನಾಲ್ವರಿಗೂ ಗೊತ್ತು. ಹಾಗಾಗಿ ಅವರ ಲೆಕ್ಕಾಚಾರ ಸುಲಭವಾಗಿತ್ತು: ಅಪ್ಪನ ಕೈಗೆ ಆ ಕೆಲಸ ತಪ್ಪಲಿ ಎಂದು ಮಗಳು ಫ್ಯಾಕ್ಸ್ ಮುಚ್ಚಿಟ್ಟಿದ್ದಾಳೆ.

"ಮೂರು ಸಲ ಕಳ್ಸಿದೀವಿ ಅಂತಾರೆ ಅವ್ರು. ಒಂದೂ ಬಂದಿಲ್ಲ ಅಂತಾಳೆ ಈಯಮ್ಮ. ನೀನೇ ನೋಡಿ ಹೇಳಪ್ಪ, ನಿನ್ ಮಾತೇ ಕಡೇದು" ಎಂದರು ಕಾರ್ಯದರ್ಶಿಗಳು.

ಅವಳು ಗೋಡೆಗೆ ಒರಗಿ ನಿಂತಿದ್ದಳು. ಅತ್ತಿರಲಿಲ್ಲ. ನನ್ನನ್ನು ಕಂಡು ಅವಳ ಮುಖ ಸ್ವಲ್ಪ ಹಗುರಾಯಿತು. ಈಗಲೂ ನನ್ನನ್ನು ಹೆಚ್ಚು ಸುಡುವುದು ಅದೇ.

ಒಳಗಿನ ಕೋಣೆಗೆ ಹೋಗಿ ಕಂಪ್ಯೂಟರ್ ಆನ್ ಮಾಡಿ, ಮೊದಲು ಅವಳ ಖಾತೆ ತೆರೆದೆ. ಫ್ಯಾಕ್ಸಿನ ಪಟ್ಟಿ ಖಾಲಿ. ನನ್ನ ಪಾಸ್‌ವರ್ಡು ಹಾಕಿ ನನ್ನ ಖಾತೆ ತೆರೆದೆ. ಮೂರೂ ಅಲ್ಲಿದ್ದವು. ಅಂಚು ಹಸಿರಿರಲಿ. ಹಿಂದಿನ ಫ್ಯಾಕ್ಸ್ ತಲುಪಿತೇ? ದಯವಿಟ್ಟು ನೇಯ್ಗೆ ನಿಲ್ಲಿಸಿ. ಆ ತಂತ್ರಾಂಶ ಬಂದದ್ದನ್ನೆಲ್ಲ ತನ್ನನ್ನು ಹಾಕಿದವನ ಖಾತೆಯಲ್ಲೇ ಇಡುತ್ತಿತ್ತು. ಬೇರೆಯವರಿಗೂ ಕಾಣಬೇಕಾದರೆ ನಾನು ಒಂದು ಕಡೆ ಅನುಮತಿ ಕೊಡಬೇಕಿತ್ತು. ಅವಳ ಖಾತೆಯಿಂದ ಒಂದೇ ಒಂದು ಸಲ ತೆರೆದು ನೋಡಿದ್ದರೆ ಅವತ್ತೇ ತಿಳಿಯುತ್ತಿತ್ತು.

ಹೊರಗೆ ಹೋಗಿ ಹೇಳಿದರೆ ಏನಾಗುತ್ತಿತ್ತು? ನಾಲ್ಕು ಜನ ನಗುತ್ತಿದ್ದರು. ಎರಡು ತಾಲೂಕಿನಲ್ಲಿ ನನ್ನ ಡಾಕ್ಟರಿಕೆಗೆ ಮಣ್ಣು ಬೀಳುತ್ತಿತ್ತು. ಅಷ್ಟೇ. ಆ ಅಷ್ಟಕ್ಕೆ ಹೆದರಿ, ಮೂರನ್ನೂ ಅಳಿಸಿದೆ. ಅನುಮತಿ ಕೊಟ್ಟು ಸರಿಪಡಿಸಿದೆ. ತಿರುಗಿ ನೋಡಿದರೆ ಅವಳು ಟೀ ಲೋಟ ಹಿಡಿದು ನನ್ನ ಹಿಂದೆಯೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಲೋಟವನ್ನು ಮೇಜಿನ ಮೇಲಿಟ್ಟಳು.

ಪಡಸಾಲೆಗೆ ಬಂದು ಹೇಳಿದೆ: "ಲೈನ್ ತೊಂದ್ರೆ ಸರ್. ಈಗ ಸರಿ ಮಾಡಿದೀನಿ. ಆವಾಗ ಬಂದಿದ್ವೋ ಇಲ್ವೋ, ಈಗ ಹೇಳಾಕಾಗಲ್ಲ."

"ಅಂದ್ರೆ ಬಂದಿರ್ಬೋದು" ಎಂದರು ಕಾರ್ಯದರ್ಶಿಗಳು.

ಚೀಲದ ಜಿಪ್ ಎಳೆದೆ.

ಆಗ ಬಾಗಿಲ ಬಳಿಯಿಂದ ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು: "ಬಸ್ಸಿಗಿನ್ನೂ ಹೊತ್ತೈತಣ್ಣ."

ಹಿರಿಯರಿಗೆ ಅದು ಉಪಚಾರದ ಮಾತಿನಂತೆ ಕೇಳಿರಬೇಕು. ನನಗೆ ಅರ್ಥವಾಯಿತು. ನಿಜ ಹೇಳಲು ನನಗೆ ಸಮಯ ಕೊಡುತ್ತಿದ್ದಳು. ತನ್ನ ಮಾನವನ್ನು ನನ್ನ ಬಾಯಿಯ ಮುಂದಿಟ್ಟು ಕಾಯುತ್ತಿದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ಮುಕ್ಕಾಲು ಗಂಟೆ ಕೂತಿದ್ದೆ. ಅಷ್ಟು ಹೊತ್ತೂ ಸಂಘದ ಕಚೇರಿ ಐದು ನಿಮಿಷದ ದಾರಿಯಲ್ಲೇ ಇತ್ತು.

ಮಾರನೆಯ ದಿನದಿಂದ ಅವಳನ್ನು ಬರಬೇಡ ಎಂದರು ಎಂದು ಆಮೇಲೆ ಕೇಳಿದೆ. ಕೇಳಿ, "ಹೌದಾ?" ಎಂದಿದ್ದೆ. ಅಷ್ಟು ಸಣ್ಣವನಾಗಿದ್ದೆ. ಮುಂದೆ ಮೊಳಕಾಲ್ಮೂರಿನ ಕರೆಗಳಿಗೆಲ್ಲ ಒಂದಲ್ಲ ಒಂದು ನೆಪ ಹೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಬಾಳು ನನ್ನದಾಯಿತು. ಯಾರಾದರೂ ರೇಷ್ಮೆ ಸೀರೆಯ ಮಾತೆತ್ತಿದರೂ ಅಂಗಡಿಯ ಒಳಕ್ಕೆ ಸರಿಯುತ್ತಿದ್ದೆ.

ಪೇಂಟರ್ ಟೀ ಕುಡಿದು ಬಂದ. ಇರುವ ಅಕ್ಷರಕ್ಕೆಲ್ಲ ಬಣ್ಣ ಹೊಡಿ ಎಂದೆ. ಮಾರನೆಯ ದಿನ ಬೆಳಿಗ್ಗೆ ತಳಕಿನ ಮೇಲೆ ಮೊಳಕಾಲ್ಮೂರಿಗೆ ಹೋಗುವ ಬಸ್ಸು ಹತ್ತಿದೆ. ಅವಳ ಅಪ್ಪನ ಮನೆ ಕೇಳಿಕೊಂಡು ಹೋದೆ. ಈಗ ಅವರಿಗೆ ತುಂಬ ವಯಸ್ಸಾಗಿದೆ. ಮಗ್ಗವಿದ್ದ ಜಾಗದಲ್ಲಿ ಮಂಚ ಹಾಕಿದ್ದಾರೆ. ಯಾರೆಂದು ಹೇಳುವ ಮೊದಲೇ, "ರಾ ನಾಯ್ನಾ, ಕೂತ್ಕ" ಎಂದು ತೆಲುಗು ಬೆರೆಸಿ ಕರೆದರು. ನಿಂತುಕೊಂಡೇ ಎಲ್ಲ ಹೇಳಿದೆ.

"ಅವತ್ತೇ ಮನೇಗ್ ಬಂದು ಹೇಳಿದ್ಲಪ್ಪ, ಮೂರೂ ಬಂದಿದ್ವು, ಆ ಅಣ್ಣ ಅಳಿಸ್ದ ಅಂತ" ಎಂದರು. "ಹೋಗಿ ಹೇಳಿದ್ವಿ. ಯಾರು ನಂಬ್ತಾರೆ? ಮಗಳು ಕಳ್ಳಿ, ಅಪ್ಪ ಸುಳ್ಳ ಅಂದ್ರು. ರಾಯದುರ್ಗಕ್ಕೆ ಕೊಟ್ವಿ, ಬಟ್ಟೆ ಹೊಲೀತಾಳೆ. ಕಂಪ್ಯೂಟರ್ ಅಂದ್ರೆ ಈಗ್ಲೂ ಮುಖ ತಿರುಗಿಸ್ತಾಳೆ."

ಮತ್ತೆ ಹೇಳಿದರು: "ಅವಳು ನಿನ್ನ ದಾರಿ ನೋಡ್ಲಿಲ್ಲ. ನಾನು ನೋಡ್ದೆ. ಓದಿದ ಹುಡ್ಗ, ಇವತ್ತಲ್ಲ ನಾಳೆ ಬರ್ತಾನೆ ಅಂತ."

"ತಪ್ಪಾಯ್ತು ಯಜಮಾನ್ರೇ" ಎಂದು ಕಾಲು ಮುಟ್ಟಲು ಹೋದೆ. ಅವರು ಕಾಲನ್ನು ಮಂಚದ ಮೇಲಕ್ಕೆ ಎಳೆದುಕೊಂಡರು.

"ನನಗೆ ಹೇಳಿ ಏನ್ ಬಂತು? ನನಗೆ ಗೊತ್ತಿತ್ತಲ್ಲ. ಗೊತ್ತಿಲ್ದೋರಿಗೆ ಹೇಳು."

ಆ ಕಾರ್ಯದರ್ಶಿಗಳು ತೀರಿಕೊಂಡಿದ್ದಾರೆ. ಹಿರಿಯರಲ್ಲಿ ಒಬ್ಬರಿದ್ದಾರೆ, ಅವರಿಗೆ ಈಗ ಮನೆಯವರ ಗುರುತೇ ಹತ್ತುವುದಿಲ್ಲವಂತೆ. ಆದರೆ ಊರಿನ ಬಾಯಿಗೆ ಬಿದ್ದ ಮಾತು ಅವರ ಜೊತೆ ಹೋಗಿಲ್ಲ, ಅದನ್ನು ಕೇಳಿದವರು ಇನ್ನೂ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಹೆಸರು ಹಾಕಿಲ್ಲ. ಮೊಳಕಾಲ್ಮೂರಿನವರಿಗೆ ಹೆಸರು ಬೇಕಾಗುವುದಿಲ್ಲ. ಮೂರು ಫ್ಯಾಕ್ಸೂ ಬಂದಿದ್ದವು. ಅವು ಆಕೆಗೆ ಕಾಣದಂತೆ ಮಾಡಿದವನು ನಾನು. ಕಂಡ ಮೇಲೆ ಅಳಿಸಿದವನೂ ನಾನೇ. ಆಕೆ ಏನನ್ನೂ ಮುಚ್ಚಿಟ್ಟಿರಲಿಲ್ಲ.