ಎಡಕ್ಕೆ ತಿರುಗಿದರೆ ಕೂಗುವ ಕಾರು

ನನ್ನ ಹಳೆಯ ಕಾರನ್ನು ಎಡಕ್ಕೆ ತಿರುಗಿಸಿದರೆ ಸಾಕು, ಹಾರನ್ ತಾನೇ ಹೊಡೆದುಕೊಳ್ಳುತ್ತಿತ್ತು. ಬಲಕ್ಕೆ ತಿರುಗಿಸಿದರೆ ಮೌನವ್ರತ. (ಯಾಕೆ ಅಂತ ಕೇಳಬೇಡಿ. ವಯಸ್ಸಾದ ಮೇಲೆ ಕಾರಿಗೂ ಹಟ ಬರುತ್ತದೆ.)

ಮೊನ್ನೆ ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲೇ ಎಡಕ್ಕೆ ತಿರುಗಿದೆ. ಟೊಮ್ಯಾಟೊ ಆರಿಸುತ್ತಿದ್ದ ಹಿರಿಯರೊಬ್ಬರು ಬೆಚ್ಚಿಬಿದ್ದು ಬುಟ್ಟಿಯನ್ನೇ ಕೆಡವಿದರು. "ಏನಪ್ಪಾ, ನಿನ್ ಹಾರನ್‌ಗೆ ಹೊತ್ತು ಗೊತ್ತು ಏನೂ ಇಲ್ವಾ?" ಎಂದು ಬೀದಿಗೆಲ್ಲ ಕೇಳುವಂತೆ ಬೈದರು. ಸೀದಾ ಎಲೆಕ್ಟ್ರಿಷಿಯನ್ ಮುನಿರಾಜು ಹತ್ತಿರ ಹೋದೆ.

ಅವನು ಸ್ಟೇರಿಂಗ್ ಕೆಳಗೆ ಬಿಚ್ಚಿದ. ಹಾರನ್ ವೈರಿನ ಸಿಪ್ಪೆ ಸುಲಿದು ತಾಮ್ರ ಹಲ್ಲು ಕಿರಿಯುತ್ತಿತ್ತು. ವೈರಿಗೆ ವೈರು ಸೇರಿಸುವ ಕಪ್ಲರ್‌ಗಳಲ್ಲಿ ಕೆಲವು ಕಿಲುಬು ಹಿಡಿದಿದ್ದವು, ಕೆಲವು ಕರಗಿ ಅಂಟಿಕೊಂಡಿದ್ದವು. "ಇನ್ನೂ ಬೆಂಕಿ ಹೊತ್ಕೊಂಡಿಲ್ವಲ್ಲ, ನಿಮ್ ಪುಣ್ಯ ಕಣಣ್ಣ" ಎಂದ. ಸಂಜೆಯೊಳಗೆ ಎಲ್ಲ ಹೊಸದು ಹಾಕಿ ಮುಗಿಸಿದ. ಎಡಕ್ಕೆ ತಿರುಗಿಸಿದೆ. ನಿಶ್ಶಬ್ದ! ನನ್ನ ಮುಖ ಊರಗಲವಾಯಿತು.

ಭಾನುವಾರ ಶಿಡ್ಲಘಟ್ಟ ದಾಟಿ ಮೇಲೂರಿಗೆ, ಮಾವನ ಮನೆಗೆ ಹೊರಟೆ. ಪೇಪರಿನಲ್ಲಿ ಅಚ್ಚಾದ ನನ್ನ ಅಂಕಣವನ್ನು ಅತ್ತೆ-ಮಾವನಿಗೆ ವಾರವಾರ ಓದಿ ಹೇಳುವುದು ನಮ್ಮಲ್ಲಿ ಪದ್ಧತಿ. (ಪದ್ಧತಿ ಮಾಡಿದವನು ನಾನೇ. ಹೆಂಡತಿ ಜೊತೆಗೆ ಬರುವುದಿಲ್ಲ. ಬರೆಯುವಾಗಲೇ ಕೇಳಿರುತ್ತಾಳೆ, ಪಾಪ.)

ಆದರೆ ಮಾವ ಸಿಗುವುದೇ ಅಪರೂಪ. ಯಾವಾಗ ಹೋದರೂ ರೇಷ್ಮೆ ಹುಳಕ್ಕೆ ಸೊಪ್ಪು ತರಲು ತೋಟಕ್ಕೆ ಹೋಗಿರುತ್ತಾರೆ. ಅತ್ತೆ ಹುಳದ ಮನೆಯೊಳಗೆ. ಅಲ್ಲಿಗೆ ಹೊರಗಿನವರು ಕಾಲಿಡುವಂತಿಲ್ಲ, ಹುಳಕ್ಕೆ ರೋಗ ತಗಲುತ್ತದೆ. ಹಾಗಾಗಿ ಜಗಲಿಯಲ್ಲಿ ಕೂತು ಮುಚ್ಚಿದ ಬಾಗಿಲಿಗೆ ಗಟ್ಟಿಯಾಗಿ ಓದುತ್ತೇನೆ. ಒಳಗಿನಿಂದ "ಹ್ಞೂಂ, ಹ್ಞೂಂ" ಬರುತ್ತದೆ. ಎಂಥ ದುಡಿಮೆಗಾರರಪ್ಪಾ ಎಂದು ನನಗೆ ಹೆಮ್ಮೆ.

ಅವರ ಬೀದಿಗೆ ಎಡಕ್ಕೇ ತಿರುಗಬೇಕು. ಕಾರು ಸದ್ದಿಲ್ಲದೆ ತಿರುಗಿತು. ನೋಡಿದರೆ, ಮಾವ ಜಗಲಿಯಲ್ಲಿ ಕಾಲು ಚಾಚಿಕೊಂಡು ಬೇಯಿಸಿದ ಕಡಲೆಕಾಯಿ ತಿನ್ನುತ್ತಿದ್ದಾರೆ. ಪಕ್ಕದಲ್ಲೇ ಅತ್ತೆ. ಹುಳದ ಮನೆಯ ಬಾಗಿಲು ಹಾರುಹೊಡೆದಿದೆ. ಒಳಗೆ ಒಂದು ಹುಳವೂ ಇಲ್ಲ!

ಮಾವ ಧಡಕ್ಕನೆ ಎದ್ದರು. "ಅಯ್ಯೋ, ಹಾರನ್ನೇ ಕೇಳ್ಲಿಲ್ವಲ್ಲ ಅಳಿಯಂದ್ರೇ!"

"ರಿಪೇರಿ ಮಾಡಿಸ್ದೆ ಮಾವ."

ಅವರ ಮುಖ ನೋಡಬೇಕಿತ್ತು ನೀವು.

"ಹುಳ ಎಲ್ಲಿ ಅತ್ತೆ?"

"ಗೂಡು ಮಾರ್ಕೆಟ್‌ಗೆ ಹೋಗಿ ತಿಂಗ್ಳಾಯ್ತಲ್ಲಪ್ಪ" ಎಂದವರೇ ಅತ್ತೆ ಸೆರಗು ಕಚ್ಚಿಕೊಂಡರು.

ತಿಂಗಳು! ಹಾಗಾದರೆ ಹೋದ ಭಾನುವಾರ ಒಳಗೆ ಕೂತು ಸೊಪ್ಪು ಹಾಕುತ್ತಿದ್ದದ್ದು ಯಾವ ಹುಳಕ್ಕೆ? ಆ "ಹ್ಞೂಂ" ಯಾತಕ್ಕೆ? ಸುಳ್ಳೇಕೆ ಹೇಳಲಿ, ಅಳುವೇ ಬಂತು.

ಬಿಡುತ್ತೇನೆಯೇ? ಪೇಪರ್ ಬಿಚ್ಚಿದೆ. ತಪ್ಪಿಸಿಕೊಳ್ಳಲು ದಾರಿ ಕಾಣದೆ ಇಬ್ಬರೂ ಕೂತರು. ಎದುರಿಗೆ ಜನ ಇರುವಾಗ ಓದುವ ಸುಖವೇ ಬೇರೆ. ಮಾವ ಒಂದು ಕಡೆ ಬಾಯಿ ಅಗಲಿಸಿ ನಕ್ಕರು ಕೂಡ. (ಆಕಳಿಕೆ ಇದ್ದರೂ ಇರಬಹುದು.)

ಹೊರಡುವಾಗ ಮಾವ ಕಾರಿನ ತನಕ ಬಂದರು. ಬಾನೆಟ್ ಮೇಲೆ ಪ್ರೀತಿಯಿಂದ ಕೈಯಾಡಿಸಿ ಮೆಲ್ಲಗೆ ಕೇಳಿದರು:

"ಅಳಿಯಂದ್ರೇ, ಆ ಹಳೇ ವೈರು ಇನ್ನೂ ಮಡಗಿದ್ದೀರಾ?"